ಕಾನೂನಿಗಿಂತ ಮೊದಲಿನದು

ದಿನದ ಕೆಲಸಕ್ಕೆ ಕೈಹಚ್ಚುವ ಮುನ್ನ ಒಂದು ಪ್ರಶ್ನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ನಾವು ಬದುಕಿರುವುದು ಯಾರ ಅಪ್ಪಣೆಯಿಂದ? ನಮ್ಮ ಜೀವದ ಮೇಲೆ, ನಮ್ಮ ಓಡಾಟದ ಮೇಲೆ ನಮಗಿರುವ ಹಕ್ಕನ್ನು ಕೊಟ್ಟದ್ದು ಸರ್ಕಾರವೇ? ಸಂವಿಧಾನವೇ? ಕೊಟ್ಟದ್ದಾದರೆ, ಕೊಟ್ಟವರು ಹಿಂದಕ್ಕೆ ಪಡೆಯಲೂಬಹುದಲ್ಲವೇ?

ಇದು ಪಂಡಿತರ ತರ್ಕವೆಂದು ತೋರಬಹುದು. ಆದರೆ ಒಮ್ಮೆ ಈ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ನೇರವಾಗಿ ಬಂದು ನಿಂತಿತ್ತು. ಉತ್ತರಕ್ಕಾಗಿ ಸಾವಿರಾರು ಜನ ಜೈಲುಗಳಲ್ಲಿ ಕಾದಿದ್ದರು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮರುದಿನ ಇಲ್ಲಿಯೇ ಬಂಧನಕ್ಕೊಳಗಾದರು. ಅವರನ್ನು ಇಟ್ಟಿದ್ದ ಸೆಂಟ್ರಲ್ ಜೈಲಿನ ಜಾಗವೇ ಇಂದಿನ ಫ್ರೀಡಂ ಪಾರ್ಕ್. ‘ಮೀಸಾ’ ಎಂದು ಜನ ಕರೆಯುತ್ತಿದ್ದ ಕಾಯಿದೆಯಡಿ ದೇಶದುದ್ದಕ್ಕೂ ವಿಚಾರಣೆಯಿಲ್ಲದೆ ಬಂಧನಗಳು ನಡೆದವು. ಬಂಧನ ಕಾನೂನುಬದ್ಧವೇ ಎಂದು ಪರೀಕ್ಷಿಸಲು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಬಂಧಿತರು ಹೈಕೋರ್ಟುಗಳಿಗೆ ಹಾಕಿದರು. ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯ ಹೆಸರಿನಲ್ಲಿ ಕೋರ್ಟಿಗೆ ಹೋಗುವ ಹಕ್ಕೇ ಅಮಾನತಾಗಿದೆ, ಆದ್ದರಿಂದ ಅರ್ಜಿ ನಿಲ್ಲದು ಎಂದು ಸರ್ಕಾರ ವಾದಿಸಿತು. ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಇದನ್ನು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಎ.ಡಿ.ಎಂ. ಜಬಲ್‌ಪುರ ಪ್ರಕರಣ.

ವಾದದ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು: ಪೊಲೀಸನೊಬ್ಬ ವೈಯಕ್ತಿಕ ಹಗೆಯಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದೇ ಬಂದ ಉತ್ತರ. 1976ರ ಏಪ್ರಿಲ್ 28ರಂದು ತೀರ್ಪು ಹೊರಬಿತ್ತು. ಐವರಲ್ಲಿ ನಾಲ್ವರು ಸರ್ಕಾರದ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಬೇರೆಯಾಗಿ ನಿಂತರು.

ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ, ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಉಬ್ಬಸದಿಂದ ಬಳಲುತ್ತಿದ್ದ ಅವರು ವಿಚಾರಣೆಯಿಲ್ಲದೆ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಂಧನದ ಆದೇಶವಿತ್ತು, ಕಾಯಿದೆಯಿತ್ತು, ಅದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಬೆಂಬಲವೂ ಇತ್ತು. ನ್ಯಾಯ ಮಾತ್ರ ಇರಲಿಲ್ಲ.

ಖನ್ನಾ ಅವರು ಬರೆದದ್ದರ ತಿರುಳು ಸರಳ. 21ನೇ ವಿಧಿ ಬರುವುದಕ್ಕೆ ಮೊದಲೂ ಮನುಷ್ಯನ ಜೀವಕ್ಕೆ ಬೆಲೆಯಿತ್ತು. ಆ ವಿಧಿಯೇ ಇಲ್ಲವಾದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ಅಧಿಕಾರ ಪ್ರಭುತ್ವಕ್ಕಿಲ್ಲ. ಬಾವಿ ತೋಡಿದವರು ಸುತ್ತ ಕಟ್ಟೆ ಕಟ್ಟಬಹುದು, ರಾಟೆ ಹಾಕಬಹುದು. ಒರತೆ ಅವರು ಮಾಡಿದ್ದಲ್ಲ. ಸಂವಿಧಾನ ನಮ್ಮ ಹಕ್ಕುಗಳಿಗೆ ಕಟ್ಟೆ ಕಟ್ಟಿ ಕಾಪಾಡಿತು. ಒರತೆ ಅದಕ್ಕಿಂತ ಹಳೆಯದು.

ಈ ಅರಿವಿಗೆ ತತ್ತ್ವಶಾಸ್ತ್ರದಲ್ಲಿ ನೈಸರ್ಗಿಕ ಕಾನೂನು ಎಂಬ ಹೆಸರಿದೆ. ಬೃಹದಾರಣ್ಯಕ ಉಪನಿಷತ್ತು ಧರ್ಮವನ್ನು ಆಳುವ ಶಕ್ತಿಗೂ ಮೇಲಿನ ಶಕ್ತಿಯೆಂದು ಕಂಡಿತು. ಬಲವಿಲ್ಲದವನು ಬಲಶಾಲಿಯ ಎದುರು ನಿಲ್ಲುವುದು ಅದರ ಆಸರೆಯಲ್ಲಿ ಎಂದು ತಿಳಿಸಿತು. ರೋಮಿನ ಸಿಸೆರೊ, ನಿಜವಾದ ಕಾನೂನು ಊರಿಂದೂರಿಗೆ ಬದಲಾಗುವುದಿಲ್ಲವೆಂದ. 13ನೇ ಶತಮಾನದ ಥಾಮಸ್ ಅಕ್ವಿನಾಸ್, ನ್ಯಾಯವನ್ನು ತೊರೆದ ಕಾನೂನು ಕಾನೂನಿನ ವಿಕಾರವೆಂದ. ದೂರದೂರದ ಈ ಮನಸ್ಸುಗಳಿಗೆ ಹೊಳೆದದ್ದು ಒಂದೇ: ಅಧಿಕಾರ ತನಗೆ ತಾನೇ ಆಧಾರವಾಗಲಾರದು.

ಹಾಗಾದರೆ ತನಗೆ ಹಿಡಿಸದ ಕಾನೂನನ್ನು ಪ್ರತಿಯೊಬ್ಬರೂ ಅನ್ಯಾಯವೆಂದು ಮುರಿಯಬಹುದೇ? ಇದು ಗಂಭೀರವಾದ ಪ್ರಶ್ನೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಕಾನೂನು ಒಂದು, ನೀತಿ ಇನ್ನೊಂದು, ಇವೆರಡನ್ನೂ ಬೆರೆಸಬೇಡಿ ಎಂದು ಬ್ರಿಟನ್ನಿನ ಕಾನೂನು ತತ್ತ್ವಜ್ಞ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಬಲವಾಗಿ ವಾದಿಸಿದರು. ಕೆಟ್ಟ ಕಾನೂನನ್ನು ಕೆಟ್ಟದ್ದೆಂದು ಗುರುತಿಸಲಿಕ್ಕೇ ಆ ಅಂತರ ಬೇಕೆಂಬುದು ಅವರ ಕಾಳಜಿ.

ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ ಜರ್ಮನಿಯ ಗುಸ್ಟಾವ್ ರಾಡ್‌ಬ್ರುಕ್, ಯುದ್ಧ ಮುಗಿದ ಮರುವರ್ಷ ಅಳೆದು ತೂಗಿದ ಒಂದು ದಾರಿಯನ್ನು ತೋರಿಸಿದರು. ಕಾನೂನಿನಲ್ಲಿ ಕೊರತೆಯಿದ್ದರೂ ಸಾಮಾನ್ಯವಾಗಿ ಪಾಲಿಸಬೇಕು, ಏಕೆಂದರೆ ಸ್ಥಿರತೆಯೂ ಒಂದು ಒಳಿತು. ಆದರೆ ಅನ್ಯಾಯ ಸಹಿಸಲಾರದ ಮಟ್ಟ ಮುಟ್ಟಿದಾಗ, ಮನುಷ್ಯರ ಸಮಾನತೆಯನ್ನೇ ಬೇಕೆಂದು ತುಳಿದಾಗ, ಆ ಕಾನೂನು ನ್ಯಾಯಕ್ಕೆ ದಾರಿ ಬಿಡಬೇಕು. ಹಿಡಿಸದಿರುವುದು ಬೇರೆ, ಸಹಿಸಲಾಗದಿರುವುದು ಬೇರೆ.

ಇವೆರಡನ್ನು ಬೇರ್ಪಡಿಸಲು ನನಗೆ ಇನ್ನೊಂದು ಒರೆಗಲ್ಲು ಕಾಣುತ್ತದೆ. ಕಾನೂನಿಗಿಂತ ಮೇಲಿನದಕ್ಕೆ ತಲೆಬಾಗುತ್ತೇನೆ ಎನ್ನುವವನು ಅದರ ಬೆಲೆಯನ್ನು ತಾನೇ ತೆರುತ್ತಾನೋ, ಇತರರಿಂದ ತೆರಿಸುತ್ತಾನೋ? ಚಂಪಾರಣ್ ಬಿಟ್ಟು ಹೋಗಬೇಕೆಂಬ ಆದೇಶವನ್ನು ಮೀರಿದ ಗಾಂಧೀಜಿ, 1917ರ ಏಪ್ರಿಲ್ 18ರಂದು ಮೋತಿಹಾರಿಯ ಕೋರ್ಟಿನಲ್ಲಿ ಅದನ್ನು ಒಪ್ಪಿಕೊಂಡರು. ಅಂತಃಸಾಕ್ಷಿಯ ಮಾತು ಕೇಳಿದ್ದೇನೆ, ಶಿಕ್ಷೆಗೆ ಸಿದ್ಧನಿದ್ದೇನೆ ಎಂದರು. ಖನ್ನಾ ಅವರಂತೂ ಯಾವ ಕಾನೂನನ್ನೂ ಮುರಿಯಲಿಲ್ಲ. ಕುರ್ಚಿಯಲ್ಲಿ ಕುಳಿತೇ, ಕಾನೂನಿನ ಭಾಷೆಯಲ್ಲೇ ಸತ್ಯವನ್ನು ಬರೆದರು. ಹಿರಿತನದಲ್ಲಿ ಮುಖ್ಯ ನ್ಯಾಯಮೂರ್ತಿಯ ಹುದ್ದೆ ಅವರದಾಗಬೇಕಿತ್ತು. 1977ರ ಜನವರಿಯಲ್ಲಿ ಅದು ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟು ನಡೆದರು.

ದೇಶ ಅವರ ಮಾತಿಗೆ ನಿಧಾನವಾಗಿ ಮರಳಿತು. 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು ಅಮಾನತಿನಲ್ಲಿಡಲು ಬಾರದಂತೆ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಾಗ, ಜಬಲ್‌ಪುರದ ತೀರ್ಪನ್ನು ತೊಡೆದುಹಾಕಿತು. ಹಾಗೆ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, 1976ರಲ್ಲಿ ಸರ್ಕಾರದ ವಾದವನ್ನು ಎತ್ತಿಹಿಡಿದ ಆ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ ಅವರ ಮಗ. ತಂದೆ ಎಡವಿದ ಕಡೆ ಮಗ ಸರಿಪಡಿಸಿದ್ದು ದೊಡ್ಡ ಮಾತೇ. ಆದರೆ ನಲವತ್ತು ವರ್ಷ ತಡವಾಗಿ ಬಂದ ನ್ಯಾಯ ಸತ್ತವರನ್ನು ಮುಟ್ಟುವುದಿಲ್ಲ. ಆ ಕ್ಷಣದಲ್ಲೇ ಸರಿಯಾಗಿ ನಡೆದುಕೊಳ್ಳುವವರು ಬೇಕು ಎನ್ನುವುದು ಇದಕ್ಕೇ.

ಅಂಥ ಕ್ಷಣಗಳು ಸುಪ್ರೀಂ ಕೋರ್ಟಿನಲ್ಲಿ ಮಾತ್ರ ಬರುವುದಿಲ್ಲ. ತಾಲ್ಲೂಕು ಕಚೇರಿಯ ಮೇಜಿನಲ್ಲಿ, ಪೊಲೀಸ್ ಠಾಣೆಯಲ್ಲಿ, ಶಾಲೆಯ ಕೊಠಡಿಯಲ್ಲಿ, ಮನೆಯ ಯಜಮಾನಿಕೆಯಲ್ಲಿ ನಮ್ಮಲ್ಲಿ ಬಹುತೇಕರ ಕೈಯಲ್ಲಿ ಇನ್ನೊಬ್ಬರ ಮೇಲೆ ಒಂದಿಷ್ಟು ಅಧಿಕಾರವಿದೆ. ಇದಕ್ಕೆ ನಿಯಮವಿದೆಯೇ ಎಂದು ಕೇಳಿಕೊಳ್ಳುವುದು ಸರಿ, ಕೇಳಿಕೊಳ್ಳಲೇಬೇಕು. ಅಲ್ಲಿಗೇ ನಿಲ್ಲದೆ, ಎದುರಿಗಿರುವವರ ಮುಖ ನೋಡಿ ಇದಕ್ಕೆ ಕಾರಣ ಹೇಳಬಲ್ಲೆನೇ, ಅವರ ಜಾಗದಲ್ಲಿ ನಾನಿದ್ದರೆ ಇದನ್ನು ನ್ಯಾಯವೆನ್ನುತ್ತಿದ್ದೆನೇ ಎಂದೂ ಇಂದು ಕೇಳಿಕೊಳ್ಳೋಣ. ನಿಯಮ ನಮಗೆ ಅಧಿಕಾರ ಕೊಡಬಹುದು. ಅದನ್ನು ಬಳಸಿದ್ದಕ್ಕೆ ಉತ್ತರ ಕೊಡಬೇಕಾದವರು ನಾವೇ.