ಸಭೆಯೆಲ್ಲವೂ ಹಾಡಲಿ
ಆಧಾರ: 1 ಕೊರಿಂಥದವರಿಗೆ 14:15

ಹಾಡುವವನ ಆತ್ಮವು ಮಾತ್ರವಲ್ಲ, ಅವನ ಬುದ್ಧಿಯೂ ಹಾಡಿನಲ್ಲಿ ಸೇರಿರಬೇಕೆಂಬದು ಈ ವಾಕ್ಯದಲ್ಲಿ ಅಪೊಸ್ತಲನಾದ ಪೌಲನ ಬೋಧನೆಯಾಗಿದೆ. ನಾವು ಇದನ್ನು ಓದುತ್ತೇವೆ. ಆದರೆ ಭಾನುವಾರ ಗಂಟೆ ಬಾರಿಸಿದ ಮೇಲೆ ಪುಸ್ತಕವನ್ನು ತೆರೆದು, ಕಣ್ಣಿಗೆ ಬಿದ್ದ ಹಾಡನ್ನು ಎತ್ತಿಕೊಳ್ಳುತ್ತೇವೆ. ಮುಂದೆ ಕುಳಿತ ನಾಲ್ವರು ಹಾಡುತ್ತಾರೆ. ಹಿಂದೆ ಗೋಡೆಗೆ ಒರಗಿ ಕುಳಿತ ಅಕ್ಷರವರಿಯದ ಅಜ್ಜಿಯು ಬಾಯಿ ಮುಚ್ಚಿಕೊಂಡು ಕೇಳುತ್ತಾಳೆ. ಆಕೆಯ ಸ್ತೋತ್ರವು ಎಲ್ಲಿ ಹೋಯಿತು?

ದಾವೀದನು ದೇವರ ಮಂಜೂಷವನ್ನು ಯೆರೂಸಲೇಮಿಗೆ ತರಿಸಿದಾಗ ಲೇವಿಯರಲ್ಲಿ ಕೆನನ್ಯನೆಂಬವನು ಹಾಡಿಕೆಯ ಮುಖ್ಯಸ್ಥನಾಗಿದ್ದನು. ಅವನು ಅದರಲ್ಲಿ ಪ್ರವೀಣನಾಗಿದ್ದದರಿಂದ ಇತರರಿಗೆ ಕಲಿಸಿದನೆಂದು ಬರೆದದೆ (1 ಪೂರ್ವಕಾಲ. 15:22). ಅದೇ ಗ್ರಂಥದ 25ನೆಯ ಅಧ್ಯಾಯದಲ್ಲಿ ಕಲಿತ ಗಾಯಕರ ಲೆಕ್ಕವು 288. ಪ್ರವೀಣನಿಗೆ ದೇವರು ಕಂಠವನ್ನು ಕೊಟ್ಟದ್ದು ಬೇರೆಯವರ ಬಾಯನ್ನು ತೆರೆಯುವದಕ್ಕಾಗಿಯೇ ಹೊರತು ಮುಚ್ಚುವದಕ್ಕಲ್ಲ.

ಜರ್ಮನಿಯಲ್ಲಿ ಸುಧಾರಣೆಯು ನಡೆದಾಗಲೂ ಇದೇ ಕಾರ್ಯವಾಯಿತು. ಅದುವರೆಗೆ ಆರಾಧನೆಯ ಹಾಡು ಬಹುಮಟ್ಟಿಗೆ ಲತೀನ್ ಭಾಷೆಯಲ್ಲಿದ್ದು ಯಾಜಕರ ಮತ್ತು ಗಾಯಕರ ಪಾಲಾಗಿತ್ತು. 1524ರಲ್ಲಿ ಜನರ ಭಾಷೆಯ 8 ಹಾಡುಗಳ ಒಂದು ಸಣ್ಣ ಪುಸ್ತಕವು ಅಚ್ಚಾಯಿತು. ಅವುಗಳಲ್ಲಿ 4 ಮಾರ್ಟಿನ್ ಲೂಥರನವು. ನಮ್ಮ ನಾಡಿಗೆ, ಅಂದರೆ ಮಂಗಳೂರಿಗೆ, 1834ರಲ್ಲಿ ಬಂದ ಬಾಸೆಲ್ ಮಿಶನಿನವರು ತಮ್ಮ ದೇಶದ ರಾಗಗಳನ್ನು ತಂದರು. ಆದರೆ ಅದೇ ಮಿಶನಿನ ಕಿಟ್ಟೆಲ್ ದೊರೆಗಳು 1862ರಲ್ಲಿ ಕಥಾಮಾಲೆಯೆಂಬ ಗ್ರಂಥವನ್ನು ರಚಿಸಿ ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ಹೇಳಿದರು. ಎರಡು ಬಗೆಯ ರಾಗಗಳೂ ನಮಗೆ ಸ್ವತ್ತೇ. ಆದರೂ ಪರದೇಶದ ರಾಗಕ್ಕೆ ಕನ್ನಡ ಮಾತನ್ನು ಕೂಡಿಸುವಾಗ ಎಚ್ಚರಿಕೆ ಬೇಕು. ಹ್ರಸ್ವವನ್ನು ದೀರ್ಘವಾಗಿ ಎಳೆದರೆ ಕರ್ತನ ಬಲವು ಬಾಲವಾಗಿ ಕೇಳಿಸುವದು! ಹುಡುಗರು ನಕ್ಕರೆ ಅವರನ್ನು ಗದರಿಸಿ ಫಲವಿಲ್ಲ.

ಹಾಗಾದರೆ ಹಾಡು ನಡಿಸುವವನು ಏನು ಮಾಡಬೇಕು? ಸಭಾಪಾಲಕರಿಂದಾಗಲಿ ಉಪದೇಶಿಯಿಂದಾಗಲಿ ಪ್ರಸಂಗದ ವಾಕ್ಯವನ್ನು ಬುಧವಾರವೇ ಕೇಳಿಕೊಂಡು, ಅದನ್ನು ಓದಿ, ಪ್ರಾರ್ಥಿಸಿ, ಆ ಮೇಲೆ ಹಾಡುಗಳನ್ನು ಆರಿಸಲಿ. ಆರಂಭದ ಹಾಡು ಎಲ್ಲರೂ ಬಲ್ಲ ಸ್ತುತಿಯಾಗಿರಲಿ. ದಾರಿಯ ಧೂಳು ಇನ್ನೂ ಕಾಲಿನಲ್ಲಿರುವ ಜನರಿಗೆ ಅದೇ ತಕ್ಕದ್ದು. ಪಾಪದ ಅರಿಕೆಯಾದ ಕೂಡಲೆ ಚಪ್ಪಾಳೆಯ ಹಾಡು ಸಲ್ಲದು. ಪ್ರಸಂಗದ ನಂತರದ ಹಾಡು ಕೇಳಿದ ವಾಕ್ಯಕ್ಕೆ ಸಭೆಯು ಕೊಡುವ ಉತ್ತರವಾದದರಿಂದ ಅದನ್ನೇ ಎಲ್ಲಕ್ಕಿಂತ ಹೆಚ್ಚು ಯೋಚಿಸಿ ಆರಿಸಬೇಕು. ಹೊತ್ತಾಯಿತೆಂದು ಚರಣಗಳನ್ನು ಕಡಿಯುವವರೂ ಉಂಟು. ಶಿಲುಬೆಯಿಂದ ಪುನರುತ್ಥಾನದ ವರೆಗೆ ಸಾಗುವ ಹಾಡಿನಲ್ಲಿ ಕೊನೆಯ ಚರಣವನ್ನು ಬಿಟ್ಟರೆ ಕರ್ತನನ್ನು ಸಮಾಧಿಯಲ್ಲಿಯೇ ಬಿಟ್ಟು ಮನೆಗೆ ಹೋದಂತಾಗುವದಲ್ಲವೇ?

ಶ್ರುತಿಯ ವಿಷಯವೂ ಸಣ್ಣದಲ್ಲ. ಎಳೆಯ ಕಂಠದವನು ತನಗೆ ಹಿತವಾದ ಎತ್ತರದಲ್ಲಿ ಆರಂಭಿಸಿದರೆ ಮೂರನೆಯ ಸಾಲಿಗೆ ಹಿರಿಯರೆಲ್ಲರೂ ನಿಲ್ಲಿಸಿಬಿಡುವರು. ಹಾಡಿನ ಅತಿ ಎತ್ತರದ ಸಾಲನ್ನು ಮನೆಯಲ್ಲಿ ಮೆಲ್ಲಗೆ ಹಾಡಿ ನೋಡಿ, ಅದಕ್ಕೆ ತಕ್ಕಂತೆ ಶ್ರುತಿಯನ್ನು ಹಿಡಿಯಲಿ. ಧ್ವನಿವರ್ಧಕವುಳ್ಳ ದೇವಾಲಯಗಳಲ್ಲಿ ಸಭೆಯ ಧ್ವನಿಯು ಕೇಳಿಬರುವಷ್ಟು ಅದನ್ನು ತಗ್ಗಿಸಬೇಕು. ಮೂವತ್ತು ಜನರು ಕೂಡುವ ಗುಡಿಸಲಿಗೆ ಅದು ಯಾತಕ್ಕೆಂದು ನಮಗೆ ತಿಳಿಯದು.

ಹೊಸ ಹಾಡನ್ನು ತಿಂಗಳಿಗೆ ಒಂದರಂತೆ ಕಲಿಸಿದರೆ ಸಾಕು. ಮೊದಲು ಭಾನುವಾರದ ಶಾಲೆಯ ಮಕ್ಕಳಿಗೆ ಕಲಿಸಿರಿ. ಅವರು ದನ ಕಾಯುತ್ತಾ ಹಾಡುವರು, ಒಲೆಯ ಮುಂದೆ ಹಾಡುವರು, ತಾಯಂದಿರು ಕೇಳಿ ಕಲಿಯುವರು. ವಾರದ ಪ್ರಾರ್ಥನೆಯ ಕೂಟದಲ್ಲಿ ಅರ್ಥವನ್ನು ವಿವರಿಸಿ, ಓದಲಾರದವರಿಗಾಗಿ ಒಂದೊಂದು ಸಾಲನ್ನು ಮೊದಲು ಹೇಳಿ ಆ ಮೇಲೆ ಹಾಡಿಸಿರಿ. ಇದರಲ್ಲಿ ಹೊತ್ತು ಹೋಗುವದು ನಿಜವೇ. ಹೋಗಲಿ.

ಯಾಕಂದರೆ ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲನೂ ಸೀಲನೂ ನಡುರಾತ್ರಿಯಲ್ಲಿ ದೇವರನ್ನು ಹಾಡಿ ಸ್ತುತಿಸಿದಾಗ (ಅ. ಕೃ. 16:25) ಅವರ ಮುಂದೆ ದೀಪವಾಗಲಿ ಪುಸ್ತಕವಾಗಲಿ ಇದ್ದಂತೆ ಕಾಣುವದಿಲ್ಲ, ಕಾಲುಗಳು ಕೋಳದಲ್ಲಿದ್ದವು. ಮೊದಲೇ ಹೃದಯದಲ್ಲಿ ಇದ್ದದ್ದೇ ಬಾಯಿಗೆ ಬಂತು. ಉಳಿದ ಸೆರೆಯವರು ಕಿವಿಗೊಟ್ಟರು. ನಮ್ಮ ಜನರಿಗೂ ಇಂಥ ರಾತ್ರಿಗಳು ಬರುತ್ತವೆ. ಮಗುವಿಗೆ ಜ್ವರ ಏರುವದು, ಮಳೆ ಬಾರದೆ ಸಾಲಗಾರನು ಬಾಗಿಲಿಗೆ ಬರುವನು, ಹಿಂದಿನ ನಂಟರು ಕೈಬಿಡುವರು. ಆಗ ಆ ಅಜ್ಜಿಯ ಬಾಯಿಗೆ ಏನು ಬರುವದು? ಭಾನುವಾರಗಳಲ್ಲಿ ನಾವು ಆಕೆಗೆ ಕಲಿಸಿದ್ದೇ ಬರುವದು. ಕಲಿಸದಿದ್ದರೆ ಏನೂ ಬಾರದು.

ಆದಕಾರಣ ಹಾಡುವ ಯೌವನಸ್ಥರೇ, ಆರಾಧನೆಯಾದ ಮೇಲೆ ವಾದ್ಯವನ್ನು ಮುಚ್ಚಿಟ್ಟು, ಹಾಸಿಗೆ ಹಿಡಿದವರ ಮನೆಗೆ ಹೋಗಿರಿ. ಯಾವ ಹಾಡು ಬೇಕೆಂದು ಅವರನ್ನೇ ಕೇಳಿ, ಅವರೊಂದಿಗೆ ಹಾಡಿ, ಮುಂದಿನ ಭಾನುವಾರ ಅದನ್ನೇ ಸಭೆಯಲ್ಲಿ ಎತ್ತಿಕೊಳ್ಳಿರಿ.