ಪರವಾಗಿಲ್ಲ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ದಿನವೂ ಮಧ್ಯಾಹ್ನ ಅರ್ಧ ಗಂಟೆ ನ್ಯಾಯಾಲಯ ನಡೆಯುತ್ತದೆ. ಊಟದ ಡಬ್ಬಿಗಳ ಮುಚ್ಚಳ ತೆರೆಯುವುದೇ ತಡ, ಕಲಾಪ ಪ್ರಾರಂಭ. ಭಾನುವಾರ ನೋಡಿದ ಸಿನಿಮಾ, ಅರ್ಧ ಓದಿ ಮಡಿಸಿಟ್ಟ ಕಾದಂಬರಿ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ತಂದ ಚಪ್ಪಲಿ, ಹೊಸದಾಗಿ ಕೊಂಡ ಮಿಕ್ಸಿ, ಎಲ್ಲವೂ ಒಂದೊಂದಾಗಿ ಕಟಕಟೆಗೆ ಬಂದು ನಿಲ್ಲುತ್ತವೆ. ವಾದ ಪ್ರತಿವಾದಗಳ ತೊಡಕಿಲ್ಲ. ಸಾಕ್ಷಿಗಳ ವಿಚಾರಣೆ ಇಲ್ಲ. ಉಪ್ಪಿನಕಾಯಿಯ ಬಾಟಲಿ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ. ಆ ಪೀಠದ ಮೇಲೆ ನಾನೂ ಒಬ್ಬ ನ್ಯಾಯಾಧೀಶ. ಇಪ್ಪತ್ತು ವರ್ಷದ ಸೇವೆ ಆಗಿದೆ. ಆದುದರಿಂದ ಮುಂದೆ ಹೇಳುವ ಮಾತುಗಳನ್ನು ವಾಚಕರು ಪರನಿಂದೆ ಎಂದು ತಿಳಿಯಬಾರದು.

ನಮ್ಮ ತೀರ್ಪುಗಳಲ್ಲಿ ಬಹುಪಾಲು ಒಂದೇ ಮಾತಿನವು. "ಸಿನಿಮಾ ಹೇಗಿತ್ತು?" "ಪರವಾಗಿಲ್ಲ." "ಆ ಪುಸ್ತಕ?" "ಪರವಾಗಿಲ್ಲ." "ಇಂದಿರಾನಗರದಲ್ಲಿ ಹೊಸ ಹೋಟೆಲಿಗೆ ಹೋಗಿದ್ದಿರಲ್ಲ?" "ಪರವಾಗಿಲ್ಲ, ಕಾಫಿ ಮಾತ್ರ ನೀರು." ಇಷ್ಟು ಸುಲಭವಾದ, ಇಷ್ಟು ನಿರಪಾಯಕರವಾದ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲವೆಂದು ತೋರುತ್ತದೆ. ಹೊಗಳಿದೆನೆಂದು ಯಾರೂ ಹಿಡಿದುಕೊಳ್ಳಲಾರರು, ತೆಗಳಿದೆನೆಂದು ಜಗಳಕ್ಕೆ ಬರಲಾರರು.

ಈ ಮಾತಿನ ಹುಟ್ಟು ಸ್ವಾರಸ್ಯವಾಗಿದೆ. 'ಪರವಾ' ಎಂಬುದು ಪಾರ್ಸಿಯ ಶಬ್ದ. ಚಿಂತೆ, ಲಕ್ಷ್ಯ ಎಂದು ಅದರ ಅರ್ಥ. ನಾನು ವಾಸವಾಗಿರುವ ಹಲಸೂರಿನಿಂದ ಶಿವಾಜಿನಗರದ ಕಾಲೇಜಿಗೆ ಹೋಗುವ ದಾರಿಯಲ್ಲಿ ಈ ಶಬ್ದವನ್ನು ಮೂರು ವೇಷಗಳಲ್ಲಿ ಕೇಳಬಹುದು. ರಸೆಲ್ ಮಾರ್ಕೆಟ್ಟಿನ ಹಣ್ಣಿನವರು ಚಿಲ್ಲರೆ ಕಡಮೆಯಾದರೆ 'ಪರ್ವಾ ನಹೀ' ಎನ್ನುತ್ತಾರೆ. ಹಲಸೂರಿನ ನಮ್ಮ ನೆರೆಯ ಅಜ್ಜಿ 'ಪರವಾಯಿಲ್ಲೈ' ಎನ್ನುತ್ತಾರೆ. ನಾವು ಪರವಾಗಿಲ್ಲ ಎನ್ನುತ್ತೇವೆ. 1809ರಲ್ಲಿ ದಂಡು ಬಂದು ಇಳಿದ ಮೇಲೆ ಎಷ್ಟೋ ಭಾಷೆಯ ಜನ ಒತ್ತಿಕೊಂಡು ಬಾಳಿದ ಈ ಬೀದಿಗಳಲ್ಲಿ, ಒಬ್ಬರ ಕಾಲನ್ನೊಬ್ಬರು ತುಳಿದಾಗ ಹೇಳಲು ಇಂಥದೊಂದು ಮಾತು ಬೇಕೇ ಬೇಕಾಗಿತ್ತು. ಕ್ಷಮೆಯ ಮಾತಾಗಿ ಅದು ಬಹು ಒಳ್ಳೆಯ ಮಾತು. ಆದರೆ ಅದನ್ನೇ ಅಭಿಪ್ರಾಯವಾಗಿ ಬಳಸಿದಾಗ? "ನನಗೆ ಅದರ ಚಿಂತೆಯಿಲ್ಲ" ಎಂದು ಹೇಳಿದಂತಾಯಿತು. ಪುಸ್ತಕ ಹೇಗಿದೆ ಎಂದು ಒಬ್ಬರು ಕೇಳಿದರೆ, ಅದರ ಗೊಡವೆ ನನಗಿಲ್ಲ ಎಂದು ನಾವು ಉತ್ತರ ಕೊಡುತ್ತಿದ್ದೇವೆ. ಅದನ್ನು ಕೇಳಿದವರು ವಿಮರ್ಶೆ ಎಂದು ಭಾವಿಸುತ್ತಿದ್ದಾರೆ.

ಬಾಯಿಮಾತು ಗಾಳಿಗೆ ಹೋಯಿತು, ಅದರಿಂದ ಯಾರಿಗೆ ಏನು ನಷ್ಟ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಹೋದ ಮಳೆಗಾಲದಲ್ಲಿ ಒಂದು ಕೊಡೆ ತರಿಸಿದೆ. ಈಗೆಲ್ಲ ಅಂಗಡಿಗೆ ಹೋಗಬೇಕಾಗಿಲ್ಲವಲ್ಲ. ಫೋನಿನಲ್ಲಿ ಬೆರಳಾಡಿಸಿದರೆ ಸರಕು ಬಾಗಿಲಿಗೆ ಬರುತ್ತದೆ. ಕೊಡೆಯೂ ಬಂತು. ತಂದ ಹುಡುಗ ಅಡಿಯಿಂದ ಮುಡಿಯವರೆಗೆ ತೊಯ್ದಿದ್ದ. ಕೊಡೆ ಮಾತ್ರ ಒಣಗಿತ್ತು. ಮರುದಿನ ಸಂಜೆ ಹಲಸೂರು ಕೆರೆಯ ಏರಿಯ ಮೇಲೆ ಒಂದು ಗಾಳಿ ಬೀಸಿದ್ದೇ ಅದು ತಾವರೆಯಂತೆ ಮೇಲ್ಮುಖವಾಗಿ ಅರಳಿಕೊಂಡಿತು. ಮನೆಗೆ ಬಂದವನೇ ಫೋನು ತೆಗೆದು, ಅದು ಕೇಳಿದ ಪ್ರಶ್ನೆಗೆ ಉತ್ತರವಾಗಿ ಐದರಲ್ಲಿ ಒಂದು ನಕ್ಷತ್ರ ಒತ್ತಿದೆ. ಸೇಡು ತೀರಿಸಿಕೊಂಡ ಸಮಾಧಾನವಾಯಿತು. ಪಕ್ಕದಲ್ಲಿದ್ದ ಮಗಳು ಇಣುಕಿ ನೋಡಿ, "ಅಪ್ಪಾ, ಆ ನಕ್ಷತ್ರ ಕೊಡೆಗಲ್ಲ. ತಂದುಕೊಟ್ಟ ಅಣ್ಣನಿಗೆ" ಎಂದಳು.

ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಗೆ ನನಗೆ ತಿಳಿಯಲಿಲ್ಲ. ಇಂಥ ಹುಡುಗರ ಕೆಲಸ ನಾವು ಒತ್ತುವ ನಕ್ಷತ್ರಗಳ ಸರಾಸರಿಯ ಮೇಲೆ ನಿಂತಿರುತ್ತದೆ; ಅದು ಇಳಿದರೆ ಕೆಲಸ ಕಡಮೆ, ಇನ್ನೂ ಇಳಿದರೆ ಕೆಲಸವೇ ಇಲ್ಲ. 2025ರಲ್ಲಿ ನಮ್ಮ ರಾಜ್ಯ ಇವರಿಗಾಗಿ ಒಂದು ಕಾನೂನು ಮಾಡಬೇಕಾಯಿತು. ಕಾರಣವನ್ನು ಬರೆದು ತಿಳಿಸಿ 14 ದಿನಗಳ ನೋಟೀಸು ಕೊಡದೆ ಕೆಲಸದಿಂದ ತೆಗೆಯಬಾರದೆಂಬುದು ಅದರಲ್ಲಿನ ಒಂದು ಸಾಮಾನ್ಯ ನಿಯಮ. ಸಂಸ್ಥೆಯವರು ಕಾರಣ ಹೇಳಬೇಕೆಂದು ಕಾನೂನೇನೋ ಬಂತು. ನಕ್ಷತ್ರ ಒತ್ತಿದ ನನ್ನನ್ನು ಮಾತ್ರ ಯಾರೂ ಕಾರಣ ಕೇಳಲಿಲ್ಲ. ಕೇಳಿದ್ದರೆ ನಾನು ಗಾಳಿಯ ಹೆಸರು ಹೇಳಬೇಕಾಗುತ್ತಿತ್ತು.

ಹಾಗೆಂದು ಸಾಮಾನ್ಯರು ಅಭಿಪ್ರಾಯವನ್ನೇ ಹೇಳಬಾರದೆಂದು ನನ್ನ ವಾದವಲ್ಲ. ಆ ಬುದ್ಧಿವಾದವನ್ನು ಹೇಳಲು ಬಲ್ಲವರು ಯಾವಾಗಲೂ ಸಿದ್ಧರಾಗಿರುತ್ತಾರೆ. 2024ರಲ್ಲಿ ಕೇರಳದ ಹೈಕೋರ್ಟಿನ ಮುಂದೆ ಒಂದು ಸಲಹೆ ಬಂದಿತ್ತು: ಚಿತ್ರ ಬಿಡುಗಡೆಯಾದ 48 ಗಂಟೆಗಳವರೆಗೆ ಅಂತರ್ಜಾಲದ ವಿಮರ್ಶಕರು ಬಾಯಿ ತೆರೆಯದಿದ್ದರೆ ಒಳ್ಳೆಯದು ಎಂದು. ಹಣ ಕಟ್ಟಿದವರ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಬಾಯಿಗೆ ಬೀಗ ಹಾಕಿದರೆ ಕೆಟ್ಟ ಮಾತಿನ ಜೊತೆಗೆ ಒಳ್ಳೆಯ ಮಾತೂ ಒಳಗೇ ಉಳಿಯುತ್ತದೆ. 2025ರ ಜುಲೈ 25ರಂದು ತೆರೆಕಂಡ 'ಸು ಫ್ರಮ್ ಸೋ' ಚಿತ್ರವನ್ನೇ ನೋಡಿ. ಹೆಸರಾಂತ ನಾಯಕರಿಲ್ಲ, ದೊಡ್ಡ ಪ್ರಚಾರವಿಲ್ಲ, ಜೆ.ಪಿ. ತುಮಿನಾಡು ಅವರು ಕರಾವಳಿಯ ಒಂದು ಹಳ್ಳಿಯ ಜನರನ್ನು ಕಟ್ಟಿಕೊಂಡು ತೆಗೆದ ಚಿತ್ರ. ಮೊದಲ ದಿನ ಬೆಂಗಳೂರಿನಲ್ಲಿ ಪ್ರದರ್ಶನಗಳೇ ಕೆಲವು. ನೋಡಿದವರು ಮನೆಗೆ ಬಂದು, "ಹೋಗಿ ನೋಡಿ, ನಕ್ಕು ನಕ್ಕು ಸಾಕಾಯಿತು" ಎಂದರು. ವಾರ ಕಳೆಯುವಷ್ಟರಲ್ಲಿ ಟಿಕೇಟು ಸಿಗುವುದೇ ಕಷ್ಟವಾಯಿತು. ಆ ಚಿತ್ರವನ್ನು ಮೇಲೆತ್ತಿದ್ದು ಯಾವ ಪಂಡಿತರೂ ಅಲ್ಲ, ಜನರ ಬಾಯಿ.

ನಮ್ಮ 'ಕವಿರಾಜಮಾರ್ಗ'ಕಾರ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ನಾಡಿನ ಜನರ ಮೇಲೆ ಬಹಳ ವಿಶ್ವಾಸವಿಟ್ಟಿದ್ದ. ಓದು ಕಲಿಯದವರಿಗೂ ಕಾವ್ಯದ ಬೆಡಗು ತಿಳಿಯುತ್ತದೆ ಎಂದು ಆತ ಸಾರಿದ. ಈ ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೆಮ್ಮೆಯಿಂದ ಪಾಠ ಹೇಳುತ್ತೇನೆ. ಆದರೆ ಆತ ಮೆಚ್ಚಿದ್ದು ಓದು ಬಾರದವರ ತಿಳಿವನ್ನು. ಓದು ಬಂದೂ ಓದದವರ ಮಾತನ್ನಲ್ಲ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕಥೆಗಳ ಸಂಕಲನಕ್ಕೂ ಅದೇ ಮೊದಲು. ಮರುದಿನ ನಮ್ಮ ಪೀಠ ಸೇರಿತು. ಕಥೆಗಳು ಅದ್ಭುತ ಎಂದರು ಕೆಲವರು. ಅಂಥದೇನಿದೆ ಎಂದರು ಕೆಲವರು. ಪ್ರಶಸ್ತಿ ಕೊಟ್ಟದ್ದಕ್ಕೆ ಬೇರೆ ಕಾರಣಗಳಿವೆ ಎಂದು ಒಬ್ಬರು ಧ್ವನಿ ತಗ್ಗಿಸಿ ಹೇಳಿದರು. ಪುಸ್ತಕದಲ್ಲಿರುವುದು 12 ಕಥೆಗಳು. ಮೇಜಿನ ಸುತ್ತ ಇದ್ದ ಏಳು ಜನರಲ್ಲಿ ಅವರ ಕಥೆಯನ್ನು ಒಂದಾದರೂ ಓದಿದ್ದವರು ಇಬ್ಬರು. ಅವರಿಬ್ಬರೂ ಆ ದಿನ ಸುಮ್ಮನಿದ್ದರು. ನಾನು ಆ ಇಬ್ಬರಲ್ಲಿ ಒಬ್ಬನಾಗಿರಲಿಲ್ಲ, ನಾನೂ ಮಾತನಾಡಿದೆ. ಕನ್ನಡ ಅಧ್ಯಾಪಕನಾಗಿ ನನ್ನ ಅಭಿಪ್ರಾಯವನ್ನು ಜನ ನಿರೀಕ್ಷಿಸುತ್ತಾರೆ ಎಂಬುದೇ ನನಗಿದ್ದ ಅರ್ಹತೆ.

ಇಲ್ಲಿ ಎರಡು ಮಾತುಗಳನ್ನು ಬೇರೆಮಾಡಿ ನೋಡಬೇಕೆನಿಸುತ್ತದೆ. ಕನ್ನಡದಲ್ಲಿ 'ನನಗೆ ಹಿಡಿಸಿತು' ಎನ್ನುವುದುಂಟು, 'ಅದು ಚೆನ್ನಾಗಿದೆ' ಎನ್ನುವುದುಂಟು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ಬರೆದ ಗ್ರಂಥದಲ್ಲಿ ಈ ಭೇದವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಒಂದು ಪಾನೀಯ ರುಚಿಸಿತೆಂದರೆ ನನಗೆ ರುಚಿಸಿತೆಂದಷ್ಟೆ ಅರ್ಥ. ಇನ್ನೊಬ್ಬನಿಗೆ ರುಚಿಸದಿದ್ದರೆ ತಕರಾರಿಲ್ಲ. ಒಂದು ವಸ್ತು ಸುಂದರವಾಗಿದೆ ಎಂದಾಗ ಮಾತ್ರ ನಾನು ಎಲ್ಲರ ಪರವಾಗಿ ಮಾತನಾಡುತ್ತೇನೆ, ಎಲ್ಲರೂ ಒಪ್ಪಲೆಂದು ಅಪೇಕ್ಷಿಸುತ್ತೇನೆ. ನಮ್ಮ ಊಟದ ಮೇಜಿನ ದೋಷವೆಂದರೆ ಮೊದಲನೆಯದರ ಶ್ರಮವನ್ನಷ್ಟೇ ಪಟ್ಟು ಎರಡನೆಯದರ ಅಧಿಕಾರವನ್ನು ಚಲಾಯಿಸುವುದು. ನನಗೆ ನಿದ್ದೆ ಬಂತು ಎನ್ನುವುದು ಸಾಕ್ಷ್ಯ. ಚಿತ್ರ ನೀರಸ ಎನ್ನುವುದು ತೀರ್ಪು. ಸಾಕ್ಷ್ಯ ಹೇಳುವುದಕ್ಕೆ ಕಣ್ಣಿದ್ದರೆ ಸಾಕು, ಪ್ರಾಮಾಣಿಕತೆ ಇದ್ದರೆ ಸಾಕು. ತೀರ್ಪಿಗೆ ಅದಕ್ಕಿಂತ ಹೆಚ್ಚು ಬೇಕು. ಕೊನೆಯ ಪಕ್ಷ ಕಡತವನ್ನು ಪೂರ್ತಿ ಓದಿರಬೇಕು.

ಇದು ಸರ್ಕಾರಕ್ಕೂ ಹೊಳೆದಂತಿದೆ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ ಅಂತರ್ಜಾಲದಲ್ಲಿ ಗ್ರಾಹಕರು ಬರೆಯುವ ಅಭಿಪ್ರಾಯಗಳಿಗಾಗಿಯೇ ಒಂದು ಮಾನಕವನ್ನು ಹೊರಡಿಸಿತು. ಐಎಸ್ 19000 ಎಂದು ಅದರ ಸಂಖ್ಯೆ. ಹಣ ಕೊಟ್ಟು ಬರೆಯಿಸಿದ ಅಭಿಪ್ರಾಯವನ್ನು ಪ್ರಕಟಿಸಬಾರದೆಂಬುದು ಅದರ ಆಶಯಗಳಲ್ಲಿ ಒಂದು. ಸಿಮೆಂಟಿಗೆ, ಕುಕ್ಕರಿಗೆ ಮಾನಕವಿದ್ದ ನಾಡಿನಲ್ಲಿ ಅಭಿಪ್ರಾಯಕ್ಕೂ ಮಾನಕ ಬಂತೆಂದು ನಾವು ನಕ್ಕೆವು. ಆದರೆ ಯೋಚಿಸಿದರೆ, ಹಣ ಪಡೆದು ಸುಳ್ಳು ಹೇಳುವವರನ್ನು ಹಿಡಿಯಲು ಒಂದು ದಾರಿಯಾದರೂ ಇದೆ. ಏನನ್ನೂ ಪಡೆಯದೆ, ಯಾವ ದ್ವೇಷವೂ ಇಲ್ಲದೆ, ಬರಿಯ ಸೋಮಾರಿತನದಿಂದ ಹೇಳಿದ ಮಾತಿಗೆ ಯಾವ ಮಾನಕ?

ಈ ಪ್ರಶ್ನೆ ನನ್ನನ್ನು ಬಾಧಿಸುವುದಕ್ಕೆ ಕಾರಣವಿದೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿಯೊಬ್ಬನಿದ್ದ. ಹೆಚ್ಚು ಮಾತನಾಡುವವನಲ್ಲ. ಪದವಿ ಮುಗಿಸಿದ ವರ್ಷ ತನ್ನ ಕೈಯಿಂದಲೇ ಹಣ ಹಾಕಿ 48 ಪುಟದ ಒಂದು ಕವನಸಂಕಲನ ಅಚ್ಚು ಮಾಡಿಸಿ, ನನಗೊಂದು ಪ್ರತಿ ತಂದುಕೊಟ್ಟ. ನಿಂತಲ್ಲೇ ಮೊದಲ ನಾಲ್ಕು ಕವನ ಓದಿದೆ. ಆ ವಯಸ್ಸಿನವರು ಬರೆಯುವ ಪ್ರೇಮ, ವಿರಹ, ಚಂದ್ರ. ಪುಸ್ತಕ ಕಪಾಟಿಗೆ ಹೋಯಿತು. ಎರಡು ವಾರದ ಮೇಲೆ ಅವನು ಕಾಲೇಜಿನ ಮೆಟ್ಟಿಲ ಮೇಲೆ ಸಿಕ್ಕಿ, "ಓದಿದಿರಾ ಸಾರ್? ಹೇಗಿದೆ?" ಎಂದ. ಗಂಟೆ ಹೊಡೆದಿತ್ತು, ನನ್ನ ಕೈಯಲ್ಲಿ ಹಾಜರಿ ಪುಸ್ತಕವಿತ್ತು. "ಓದಿದೆ. ಪರವಾಗಿಲ್ಲ" ಎಂದೆ. ಅವನು ತಲೆಯಾಡಿಸಿ ಇಳಿದುಹೋದ.

2020ರಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಮಾಡಲು ಕೆಲಸವಿಲ್ಲದೆ ಕಪಾಟಿನ ಧೂಳು ಹೊಡೆಯುತ್ತ ಆ ಪುಸ್ತಕವನ್ನು ಪೂರ್ತಿ ಓದಿದೆ. ಐದನೆಯ ಕವನದಿಂದ ಚಂದ್ರ ಮಾಯವಾಗಿದ್ದ. ಕೊನೆಯ ಕಡೆಗೆ ಒಂದು ಕವನ ಅವನ ತಾಯಿಯ ಮೇಲೆ. ಆಕೆ ರಸೆಲ್ ಮಾರ್ಕೆಟ್ಟಿನ ಹೊರಗೆ ಹೂವು ಮಾರುತ್ತಿದ್ದರೆಂಬುದು ಆಗಲೇ ನನಗೆ ತಿಳಿದದ್ದು. ಅಂಗಡಿಗಳ ದೀಪ ಆರಿದ ಮೇಲೆ ಬೀದಿಯ ಬೆಳಕಿನಲ್ಲಿ ಕುಳಿತು, ಮಾರಾಟವಾಗದ ಹೂವನ್ನು ನಾಳೆಗೆಂದು ಕಟ್ಟುವ ಬೆರಳುಗಳನ್ನು ಅವನು ಕಂಡಿದ್ದ ರೀತಿ, ಯಾವ ಹಿರಿಯ ಕವಿಯೂ ಮೆಚ್ಚಬೇಕಾದದ್ದು. ಕೂಡಲೇ ಫೋನು ಮಾಡಿದೆ. ಆ ನಂಬರು ಆಗ ಬಳಕೆಯಲ್ಲಿರಲಿಲ್ಲ.

ಹೋದ ವರ್ಷ ಅವನು ಸಿಕ್ಕಿದ. 2023ರ ಅಕ್ಟೋಬರಿನಿಂದ ನಮ್ಮ ಮೆಟ್ರೊ ಬೈಯಪ್ಪನಹಳ್ಳಿಯನ್ನು ದಾಟಿ ಕೆ.ಆರ್. ಪುರಕ್ಕೂ ತಡೆಯಿಲ್ಲದೆ ಹೋಗುತ್ತಿದೆಯಷ್ಟೆ. ಆ ಗಾಡಿಯಲ್ಲಿ ಇಂದಿರಾನಗರದ ಹತ್ತಿರ, "ನಮಸ್ಕಾರ ಸಾರ್" ಎಂಬ ಧ್ವನಿ. ಒಂದು ಕಂಪನಿಯ ಉಗ್ರಾಣದಲ್ಲಿ ಲೆಕ್ಕ ನೋಡಿಕೊಳ್ಳುತ್ತಾನಂತೆ, ಮದುವೆಯಾಗಿದೆಯಂತೆ. "ಈಗೇನು ಬರೆಯುತ್ತಿದ್ದೀಯ?" ಎಂದೆ. "ಎಲ್ಲಿ ಸಾರ್, ಬಿಟ್ಟು ಬಹಳ ದಿನವಾಯಿತು" ಎಂದು ನಕ್ಕ. ನಾನು ತಾಯಿಯ ಮೇಲಿನ ಆ ಕವನದ ಮಾತೆತ್ತಿದೆ. ಅಂದು ಓದಿರಲಿಲ್ಲ, ಓದಿದೆನೆಂದು ಸುಳ್ಳು ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ. ಅವನಿಗೆ ಸಂಕೋಚವಾಯಿತು. ಸುತ್ತಲಿನವರು ನೋಡುತ್ತಿದ್ದರು. "ಅಯ್ಯೋ, ಪರವಾಗಿಲ್ಲ ಬಿಡಿ ಸಾರ್" ಎಂದ.

ನನ್ನ ಒಂದು ಮಾತಿನಿಂದ ಒಬ್ಬ ಕವಿ ಕಳೆದುಹೋದನೆಂದು ಹೇಳಿಕೊಂಡರೆ ಅದೂ ಒಂದು ಬಗೆಯ ಜಂಬವೇ ಆದೀತು. ಬರೆಯುವುದನ್ನು ಬಿಡಲು ಬಡತನವಿದೆ, ಸಂಸಾರವಿದೆ, ನೂರು ಕಾರಣಗಳಿವೆ. ಆದರೆ ಅಂದು ಅವನು ನನ್ನಿಂದ ಕೇಳಿದ್ದು ಪ್ರಶಸ್ತಿಯನ್ನಲ್ಲ, ಒಬ್ಬ ಓದುಗನನ್ನು. ನಾಲ್ಕೇ ಕವನ ಓದಿದೆ, ಉಳಿದದ್ದು ಓದಿ ಹೇಳುತ್ತೇನೆ ಎಂದಿದ್ದರೆ ಸಾಕಾಗಿತ್ತು. ಚೆನ್ನಾಗಿಲ್ಲ ಎಂದಿದ್ದರೂ ಅವನು ವಾದ ಮಾಡಬಹುದಾಗಿತ್ತು. ಪರವಾಗಿಲ್ಲ ಎಂಬುದಕ್ಕೆ ಯಾರು ಏನು ಉತ್ತರ ಕೊಡಲಾದೀತು?

ಈಚೆಗೆ ನಾನೊಂದು ಅಭ್ಯಾಸ ಮಾಡಿಕೊಳ್ಳಲು ಪ್ರಯತ್ನಪಡುತ್ತಿದ್ದೇನೆ. ಯಾರಾದರೂ ಹೇಗಿದೆ ಎಂದು ಕೇಳಿದರೆ, ಎಷ್ಟು ನೋಡಿದೆ, ಎಷ್ಟು ಓದಿದೆ, ಎಷ್ಟು ದಿನ ಬಳಸಿದೆ ಎಂಬುದನ್ನು ಮೊದಲು ಹೇಳುತ್ತೇನೆ; ಏನನ್ನಿಸಿತೆಂಬುದು ಆಮೇಲೆ. ಮಧ್ಯಂತರದವರೆಗೆ ತೂಕಡಿಸಿದೆ, ಅದು ಚಿತ್ರದ ತಪ್ಪೋ ಹಬ್ಬದ ಊಟದ ತಪ್ಪೋ ತಿಳಿಯದು ಎಂದು ಮೊನ್ನೆ ಹೇಳಿದಾಗ ಪೀಠದ ಇತರ ಸದಸ್ಯರು ನಕ್ಕರು. ಇದರಿಂದ ನನ್ನ ತೀರ್ಪುಗಳ ಸಂಖ್ಯೆ ಬಹಳ ಇಳಿದಿದೆ. ಉಪ್ಪಿನಕಾಯಿ ನನ್ನ ಬಳಿಗೆ ಬರುವುದೂ ತಡವಾಗುತ್ತಿದೆ.

ಅವನ ಬಳಿ ತನ್ನ ಪುಸ್ತಕದ ಒಂದು ಪ್ರತಿಯೂ ಉಳಿದಿಲ್ಲವಂತೆ. ನನ್ನ ಪ್ರತಿಯನ್ನು ಕೊಡುವುದಾಗಿ ಹೇಳಿದ್ದೇನೆ. ಕೊಡುವ ಮೊದಲು ಪೆನ್ಸಿಲು ಹಿಡಿದು ಮತ್ತೊಮ್ಮೆ ಓದುತ್ತಿದ್ದೇನೆ. ಹಿಡಿಸಿದ ಕಡೆ ಒಂದು ಗೆರೆ, ಹಿಡಿಸದ ಕಡೆ ಏಕೆ ಎಂದು ಎರಡು ಮಾತು. ಚಂದ್ರನಿರುವ ಪುಟಗಳಲ್ಲಿ ಬರಹ ಸ್ವಲ್ಪ ಹೆಚ್ಚಾಗಿದೆ.