ನಂಬಿದವರ ತಪ್ಪೇ?

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್, ಬಸವಕಲ್ಯಾಣ ದಾಟಿ ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ. ಈ ಸೀಮೆಯ ಮನೆಗಳ ನೆಂಟಸ್ತಿಕೆ ಮೂರು ರಾಜ್ಯಗಳಲ್ಲಿ ಹರಡಿಕೊಂಡಿದೆ. ಲಗ್ನದ ದಿನಗಳಲ್ಲಿ ಊರೂರು ತಿರುಗಿ ಪತ್ರಿಕೆ ಕೊಡಲಾಗದವರು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅವುಗಳ ನಡುವೆಯೇ ‘ಲಗ್ನಪತ್ರಿಕೆ’ ಎಂಬ ಹೆಸರಿನ, ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ ಹೊತ್ತ ಫೈಲೊಂದು ಬರಬಹುದು. ಇಂಥ ಪತ್ರಿಕೆಗಳ ಬಗ್ಗೆ 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಜನರನ್ನು ಎಚ್ಚರಿಸಿದ್ದರು. ಅದು ಚಿತ್ರವಲ್ಲ, ಆ್ಯಪ್. ಒತ್ತಿದರೆ ಒಳಗೆ ಬರಲು ಅನುಮತಿ ಕೇಳುತ್ತದೆ. ಬಂದ ಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೂ ‘ಅಲೋ’ ಒತ್ತಿದರೆ, ಬ್ಯಾಂಕಿನಿಂದ ಬರುವ ಒಟಿಪಿ ಖಾತೆದಾರರಿಗೆ ಕಾಣುವಂತೆಯೇ ದೂರದ ಕಳ್ಳನಿಗೂ ಕಾಣುತ್ತದೆ.

ಇಲ್ಲಿ ಯಾರೂ ಬೀಗ ಮುರಿಯಲಿಲ್ಲ. ನೆಂಟರ ಹೆಸರು ಕೇಳಿ ಮನೆಯವರೇ ಬಾಗಿಲು ತೆಗೆದರು. ಹಾಗಾದರೆ ತಪ್ಪು ಯಾರದು? ಬಾಗಿಲು ಮಾಡಿಕೊಟ್ಟವರಿಗೆ ಇದರಲ್ಲಿ ಏನೂ ಪಾಲಿಲ್ಲವೇ?

ಯಂತ್ರ ತಯಾರಿಸುವವರು ಬಹುಕಾಲ ಇಲ್ಲವೆಂದೇ ಭಾವಿಸಿದ್ದರು. 2011ರ ಮೇ ತಿಂಗಳಲ್ಲಿ ಆ್ಯಪಲ್ ಕಂಪ್ಯೂಟರುಗಳಿಗೆ ‘ಮ್ಯಾಕ್ ಡಿಫೆಂಡರ್’ ಎಂಬ ವಂಚಕ ತಂತ್ರಾಂಶ ನುಗ್ಗಿತು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂದು ಹೆದರಿಸಿ, ತಾನೇ ಮದ್ದು ಎಂದು ಹೇಳಿಕೊಂಡು, ಕ್ರೆಡಿಟ್ ಕಾರ್ಡಿನ ವಿವರ ಕೇಳುತ್ತಿತ್ತು. ಸಹಾಯವಾಣಿಗೆ ಕರೆಗಳು ಬರತೊಡಗಿದಾಗ, ಅದನ್ನು ತೆಗೆದುಹಾಕಲು ನೆರವಾಗಬೇಡಿ ಎಂದು ಸಿಬ್ಬಂದಿಗೆ ಸೂಚನೆ ಹೋಗಿದ್ದು ಆಗಿನ ವರದಿಗಳಲ್ಲಿ ಬಯಲಾಯಿತು. ತೆಗೆಯುವ ವಿಧಾನವನ್ನು ಕಂಪನಿ ಮೇ 24ರಂದು ಪ್ರಕಟಿಸಿತು. ಮೇ 31ರಂದು, ಕೆಟ್ಟ ತಂತ್ರಾಂಶಗಳ ಪಟ್ಟಿಯನ್ನು ದಿನವೂ ನವೀಕರಿಸುವ ವ್ಯವಸ್ಥೆ ಕೊಟ್ಟಿತು. ಕೆಲವೇ ಗಂಟೆಗಳಲ್ಲಿ ವಂಚಕರು ಹೆಸರು ಬದಲಿಸಿಕೊಂಡು ಮತ್ತೆ ಬಂದರು. ಕಳ್ಳರ ಪಟ್ಟಿ ಇಟ್ಟುಕೊಂಡು ಕಾಯುವವನಿಗೆ ಹೊಸ ಕಳ್ಳ ಯಾವಾಗಲೂ ಅಪರಿಚಿತ.

ನಂಬುವ ಮನುಷ್ಯ ಮತ್ತು ವೇಷ ತೊಟ್ಟು ಬಂದ ಕಳ್ಳ, ಇವರಿಬ್ಬರನ್ನು ಇಂದು ಬಸವಕಲ್ಯಾಣವಾಗಿರುವ ಕಲ್ಯಾಣ ಬಲ್ಲದು. ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ ಬಸವಪುರಾಣದ ಪರಂಪರೆಯಲ್ಲಿ ಒಂದು ಕಥೆಯಿದೆ. ಲಿಂಗ ಧರಿಸಿ ಬಂದವರನ್ನೆಲ್ಲ ಬಸವಣ್ಣ ಆದರಿಸುತ್ತಾನೆಂದು ತಿಳಿದ ಕಳ್ಳರು, ಬದನೆಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಮಹಾಮನೆಗೆ ಬಂದರು. ಬಸವಣ್ಣ ಸಂಶಯಪಡದೆ ಕೈಮುಗಿದ. ಆ ಭಕ್ತಿಗೆ ಬದನೆಕಾಯಿಗಳೇ ಲಿಂಗಗಳಾದವು. ಅದೇ ಕಲ್ಯಾಣದಲ್ಲಿ, ಶೂನ್ಯಸಂಪಾದನೆ ಹೇಳುವಂತೆ, ದೂರದ ಉಡುತಡಿಯಿಂದ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಪರೀಕ್ಷಿಸಿದ.

ಹಾಗಾದರೆ ನಮಗೆ ಯಾವುದು ದಾರಿ? ಬಸವಣ್ಣನ ಕಥೆಯಲ್ಲಿ ಕಳ್ಳ ಎದುರಿಗೆ ನಿಂತಿದ್ದ. ಕೈಮುಗಿದ ಮನುಷ್ಯನ ಮುಖ ಅವನಿಗೆ ಕಾಣುತ್ತಿತ್ತು. ಆದ್ದರಿಂದಲೇ ಆ ನಂಬಿಕೆಗೆ ಅವನನ್ನು ಮುಟ್ಟುವ ಶಕ್ತಿಯಿತ್ತು. ಲಗ್ನಪತ್ರಿಕೆಯ ಫೈಲಿಗೆ ಮುಖವಿಲ್ಲ. ಕಳಿಸಿದವನು ನಮ್ಮನ್ನು ಎಂದೂ ನೋಡುವುದಿಲ್ಲ, ನಮ್ಮ ಒಳ್ಳೆಯತನಕ್ಕೆ ನಾಚುವುದೂ ಇಲ್ಲ. ಹಾಗೆಂದು ಎಲ್ಲ ನೆಂಟರನ್ನೂ ಅನುಮಾನದಿಂದ ನೋಡುತ್ತ ಬದುಕಿದರೆ, ಕಳ್ಳ ಹಣ ಮುಟ್ಟುವ ಮೊದಲೇ ನಾವು ದೊಡ್ಡದೊಂದನ್ನು ಕಳೆದುಕೊಂಡಿರುತ್ತೇವೆ. ಆದ್ದರಿಂದ ಅಲ್ಲಮನ ಕೆಲಸ ಯಂತ್ರದ ಪಾಲಿಗೆ ಬರಬೇಕು. ಫೈಲಿನ ಒಳಗೇನಿದೆ, ಅದು ಏನು ಕೇಳುತ್ತಿದೆ ಎಂಬುದನ್ನು ನೋಡಬಲ್ಲದ್ದು ಅದೊಂದೇ. ಸಂಶಯಪಡುವ ಹೊರೆಯನ್ನು ಯಂತ್ರ ಹೊತ್ತರೆ, ಮನುಷ್ಯ ಮನುಷ್ಯನನ್ನು ನಂಬಿಕೊಂಡಿರಬಹುದು.

ತಯಾರಕರು ತಡವಾಗಿಯಾದರೂ ಈ ಕಡೆ ಹೊರಳಿದ್ದಾರೆ. ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳಲೆಂದು ಫೋನಿನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬ ಸೌಲಭ್ಯವಿದೆ. ಕರುಣೆಯಿಂದ ತೆರೆದ ಆ ದಾರಿಯಲ್ಲೇ ವಂಚಕರು ಪರದೆ ಓದತೊಡಗಿದರು. 2022ರ ಆಂಡ್ರಾಯ್ಡ್ 13, ಅಧಿಕೃತ ಆ್ಯಪ್ ಅಂಗಡಿಯ ಹೊರಗಿನಿಂದ ಬಂದ ಆ್ಯಪ್‌ಗೆ ಆ ಅನುಮತಿ ಸುಲಭವಾಗಿ ದಕ್ಕದಂತೆ ಮಾಡಿತು. ಅಪಾಯಕಾರಿ ಅನುಮತಿ ಕೇಳುವ ಇಂಥ ಆ್ಯಪ್‌ಗಳನ್ನು ಬಾಗಿಲಲ್ಲೇ ತಡೆಯುವ ಪ್ರಯೋಗವನ್ನು ಗೂಗಲ್ 2024ರಲ್ಲಿ ಸಿಂಗಪುರದಲ್ಲಿ ಆರಂಭಿಸಿ, ಅದೇ ವರ್ಷ ಭಾರತಕ್ಕೂ ತರುವುದಾಗಿ ಹೇಳಿತು. ಹೆಸರು ನೋಡಿ ಕಳ್ಳನನ್ನು ಗುರುತಿಸುವುದರಿಂದ, ಬಂದವನು ಏನು ಕೇಳುತ್ತಿದ್ದಾನೆ ಎಂದು ನೋಡುವವರೆಗೆ ಸಾಗಿದ ಈ ದಾರಿ ಸಣ್ಣದಲ್ಲ. ಲಗ್ನಪತ್ರಿಕೆಗೆ ನಿಮ್ಮ ಎಸ್ಸೆಮ್ಮೆಸ್ ಓದುವ ಅಗತ್ಯವೇನು? ಅದೇ ಸರಿಯಾದ ಪ್ರಶ್ನೆ.

ಆದರೆ ಆ ಪ್ರಶ್ನೆ ಯಾವ ಭಾಷೆಯಲ್ಲಿದೆ? ಕನ್ನಡ, ಮರಾಠಿ, ಉರ್ದು ಆಡುವ ಮನೆಗೆ ಬಂದ ಫೋನನ್ನು ಅಂಗಡಿಯವರು ಇಂಗ್ಲಿಷಿನಲ್ಲಿಟ್ಟು ಕೊಟ್ಟರೆ, ಅದು ಕೊನೆಯವರೆಗೂ ಹಾಗೇ ಉಳಿಯುತ್ತದೆ. ತಿಳಿಯದ ಭಾಷೆಯಲ್ಲಿ, ಕೆಲಸದ ನಡುವೆ ಅಡ್ಡ ಬಂದ ಚೌಕಟ್ಟನ್ನು ಜನ ಓದುವುದಿಲ್ಲ, ಸರಿಸುತ್ತಾರೆ. ಅಂಥ ಎಚ್ಚರಿಕೆ ಬಳಕೆದಾರರನ್ನು ಕಾಯುವುದಿಲ್ಲ. ‘ನಾವು ಹೇಳಿದ್ದೆವು’ ಎನ್ನಲು ಕಂಪನಿಗೊಂದು ಸಾಕ್ಷಿಯಾಗುತ್ತದಷ್ಟೆ. ಎಲ್ಲ ಬಾಗಿಲುಗಳನ್ನೂ ಮುಚ್ಚಿ, ಆ್ಯಪ್‌ಗಳನ್ನು ನಮ್ಮ ಅಂಗಡಿಯಿಂದಲೇ ಕೊಳ್ಳಿ ಎಂದು ಕಂಪನಿಗಳು ಹೇಳುವುದು ಇನ್ನೊಂದು ತುದಿ. ಅಲ್ಲಿ ಸುರಕ್ಷತೆ ಯಾವುದು, ವ್ಯಾಪಾರ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಅಲ್ಲಮ ಪ್ರಶ್ನಿಸಿದ್ದು ಅಕ್ಕನನ್ನು ಹೊರಗಿಡಲಿಕ್ಕಲ್ಲ.

ಮೋಸಹೋದವರನ್ನು ‘ಓದಿದವರಾಗಿ ಹೀಗೆ ಮಾಡಿದಿರಾ?’ ಎಂದು ನಾವೇ ಚುಚ್ಚುತ್ತೇವೆ. ಆ ಮಾತಿಗೆ ಅಂಜಿ ಅವರು ಯಾರಿಗೂ ಹೇಳುವುದಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದ್ದರೆ ಹಣ ತಡೆಯುವ ಅವಕಾಶವಿತ್ತು. ನಾಚಿಕೆಯಲ್ಲಿ ಆ ಹೊತ್ತು ಕಳೆದುಹೋಗುತ್ತದೆ. ‘ತಪ್ಪು ಬಳಕೆದಾರರದು’ ಎಂಬ 2011ರ ಧೋರಣೆಯನ್ನು ಕಂಪನಿಗಳು ಬಿಡತೊಡಗಿವೆ. ನಮ್ಮ ಮನೆಗಳಲ್ಲಿ ಅದು ಇನ್ನೂ ಇದೆ. ನೆಂಟರ ಕರೆಗೆ ಓಗೊಟ್ಟವರು ಅಪರಾಧಿಗಳಲ್ಲ. ಅವರಿಗೆ ತಿಳಿಯುವ ಮಾತಿನಲ್ಲಿ ತಡೆದು ಕೇಳುವುದು ಯಂತ್ರ ಮಾಡಿದವರ ಕರ್ತವ್ಯ; ಮೋಸವಾದ ಮೇಲೆ ಅವರ ಪಕ್ಕದಲ್ಲಿ ನಿಲ್ಲುವುದು ನಮ್ಮದು.